ಗುಂಡಕ್ಷರದ ಶ್ರದ್ಧಾಂಜಲಿ

ಕೆಲವರಿಗೆ ಊರೂರಿನ ಊಟದ ಚಟ, ನನಗೆ ಬೋರ್ಡು ಓದುವ ಚಟ. ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೊರಟರೆ ಪಕ್ಕದಲ್ಲಿ ಕೂತವರ ಮುಖ ನೆನಪಿರುವುದಿಲ್ಲ, ದಾರಿಯ ಅಂಗಡಿಗಳ ಅಕ್ಷರ ಮಾತ್ರ ಅಚ್ಚೊತ್ತಿದಂತೆ ಉಳಿಯುತ್ತದೆ. ಹಿರಿಯಡ್ಕದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಇದು ಕಸುಬಿನ ರೋಗ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ಈಚೆಗೆ ಎಲ್ಲರಿಗೂ ಒಂದೇ ಬಗೆಯ ಅಕ್ಷರ ಬೇಕು: ದಪ್ಪ, ಗುಂಡು, ತುದಿಗಳೆಲ್ಲ ನುಣುಪು, ಕೈವಾರದಲ್ಲಿ ಎಳೆದ ಹಾಗೆ. ಮಣಿಪಾಲದ ಜ್ಯೂಸ್ ಅಂಗಡಿಗೂ ಅದೇ, ಕಾಪುವಿನ ಕಡಲತೀರದ ಹೋಂಸ್ಟೇಗೂ ಅದೇ, ಶಿಶುವಿಹಾರಕ್ಕೂ ಅದೇ. ಉಂಡು ತಿಂದು ಸುಖವಾಗಿರುವ ಮನೆಯ ಮಕ್ಕಳಂತೆ ಕಾಣುವ ಈ ಅಕ್ಷರಗಳನ್ನು ಬೇಡ ಎನ್ನಲು ನನ್ನಿಂದ ಆಗುವುದಿಲ್ಲ. ಅವನ್ನು ಕಂಡರೆ ಸಂಜೀವಣ್ಣನ ನೆನಪಾಗುತ್ತದೆ.

ಸಂಜೀವಣ್ಣ ಕಾರ್ಕಳದ ಪೈಂಟರ್. ನನಗೆ ಬ್ರಷ್ ಹಿಡಿಯಲು ಕಲಿಸಿದವರು. ಕಂಪ್ಯೂಟರ್ ಬರುವ ಮೊದಲೇ ಅವರು ಇಂಥ ಅಕ್ಷರ ಬರೆಯುತ್ತಿದ್ದರು. ಅವರಲ್ಲಿ ಕೈವಾರ ಇರಲಿಲ್ಲ. ಅಡುಗೆಮನೆಯ ಮುಚ್ಚಳಗಳನ್ನಿಟ್ಟು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ಗಂಜಿಯ ಪಾತ್ರೆಯ ಮುಚ್ಚಳ ದೊಡ್ಡ ಅಕ್ಷರಕ್ಕೆ, ಲೋಟದ ಬಾಯಿ ಒತ್ತಕ್ಷರಕ್ಕೆ, ಸೊನ್ನೆಗೆ. ಅವರ ಹೆಂಡತಿ ಗಿರಿಜಕ್ಕ ಸಾರು ಮುಚ್ಚಲು ಬಾಳೆಲೆ ಹುಡುಕುತ್ತಿದ್ದರು. "ಬಸ್ಸಿನಲ್ಲಿ ಹೋಗುವವನಿಗೂ ಓದ್ಲಿಕ್ಕೆ ಆಗ್ಬೇಕು ಮಾರಾಯ. ಇಳಿದು ಬಂದು ಓದುವವ ಯಾರುಂಟು?" ಎನ್ನುತ್ತಿದ್ದರು ಸಂಜೀವಣ್ಣ. ಎರಡನೇ ವರ್ಷಕ್ಕೇ ನಾನು ಅವರನ್ನು ಬಿಟ್ಟು ಫ್ಲೆಕ್ಸ್ ಯಂತ್ರ ಹಾಕಿದೆ. ಅವರ ಗಿರಾಕಿಗಳು ಒಬ್ಬೊಬ್ಬರಾಗಿ ನನ್ನಲ್ಲಿಗೆ ಬಂದರು. ಎದುರು ಸಿಕ್ಕಾಗ ಸಂಜೀವಣ್ಣ ಬೈಯಲಿಲ್ಲ. ಬೈದಿದ್ದರೆ ಮನೆಗೆ ಹೋಗಿ ಸಮಾಧಾನ ಹೇಳಬಹುದಿತ್ತು. ಹೋಗಬೇಕು ಹೋಗಬೇಕು ಎನ್ನುತ್ತಲೇ ವರ್ಷಗಳು ಕಳೆದವು.

ಕಳೆದ ತಿಂಗಳು ಸಂಜೀವಣ್ಣ ತೀರಿಕೊಂಡರು. ನಮ್ಮಲ್ಲಿ ಯಾರಾದರೂ ಹೋದರೆ ಪೇಟೆಯ ತಿರುವಿನಲ್ಲಿ ಫೋಟೋ ಸಹಿತ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುವುದು ರೂಢಿ. ಅದನ್ನು ನಾನೇ ಮಾಡಿಕೊಡುತ್ತೇನೆ ಎಂದೆ. ಅವರನ್ನು ಅವರ ಅಕ್ಷರದಲ್ಲೇ ಕಳುಹಿಸಿಕೊಡಬೇಕೆಂಬ ಆಸೆ. ಇದ್ದುದರಲ್ಲಿ ಅತಿ ಗುಂಡಗಿನ ಫಾಂಟ್ ಹುಡುಕಿ, ಮುದ್ರಿಸಿ ಅವರ ಮನೆಗೆ ಕೊಂಡುಹೋದೆ. ಸುರುಳಿ ಬಿಡಿಸಿದ ಕೂಡಲೇ ಅವರ ಅಳಿಯ, "ಇದೆಂತ, ಐಸ್‌ಕ್ರೀಮ್ ಅಂಗಡಿ ಶುರುವಾದ ಹಾಗೆ ಉಂಟಲ್ಲ!" ಎಂದರು. ನಿಜ, ಅಕ್ಷರಗಳೆಲ್ಲ ಕೆನ್ನೆ ಉಬ್ಬಿಸಿಕೊಂಡು ನಗುತ್ತಿದ್ದವು. ಗಿರಿಜಕ್ಕ ಮಾತ್ರ ಹತ್ತಿರ ಬಂದು 'ದ್ಧಾಂ'ನ ಸೊನ್ನೆಯ ಮೇಲೆ ಬೆರಳಾಡಿಸಿದರು. "ಅವರದ್ದೂ ಹೀಗೆಯೇ. ಆದ್ರೆ ಅವರ ಸೊನ್ನೆ ಒಂದು ಬದಿಗೆ ಸ್ವಲ್ಪ ಚಪ್ಪಟೆ. ನಮ್ಮ ಲೋಟ ಬಿದ್ದು ನೆಗ್ಗಿತ್ತಲ್ಲ" ಎಂದರು. ಆ ನೆಗ್ಗು ನನ್ನ ಯಂತ್ರದಲ್ಲಿ ಎಲ್ಲಿಂದ ಬರಬೇಕು? ಸಂಜೀವಣ್ಣ ಇರುವಾಗ ಒಮ್ಮೆಯಾದರೂ ಹೋಗಿ ನೋಡಬೇಕಿತ್ತು ಎನಿಸಿತು.

"ಕೈಯಲ್ಲೇ ಬರೆದು ತರುತ್ತೇನೆ ಅಕ್ಕ" ಎಂದು ಮಾತು ಕೊಟ್ಟೆ. ಒಂದು ತಗಡು, ಕಪ್ಪು ಬಣ್ಣ, ಎರಡು ದಿನ. ತಪ್ಪಾದಾಗಲೆಲ್ಲ ಬೆರಳು ಕೀಬೋರ್ಡಿನ ಅಳಿಸುವ ಗುಂಡಿಯನ್ನು ಹುಡುಕಿತು. 'ಶ್ರ' ಹೊಟ್ಟೆ ಬಿರಿಯುವಷ್ಟು ಉಂಡು ಕುಳಿತರೆ, 'ಲಿ' ಏಕಾದಶಿ ಉಪವಾಸದಲ್ಲಿತ್ತು. ಆದರೂ ಗುರುವಿಗೆ ಕೈಯಾರೆ ಬರೆದದ್ದು ಎಂಬ ಹೆಮ್ಮೆಯಿಂದ ಗಿರಿಜಕ್ಕನ ಮುಂದೆ ತಂದು ನಿಲ್ಲಿಸಿದೆ. ಅವರು ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೀನು ಅರ್ಧ ಕಲಿತು ಓಡಿದವ ಅಂತ ಅವರು ಹೇಳುವಾಗೆಲ್ಲ, ಹಾಗೆ ಹೇಳ್ಬೇಡಿ, ಅವನಿಗೆ ಎಲ್ಲ ಬರ್ತದೆ ಅಂತ ನಾನು ಅವರತ್ರ ಸುಮ್ಮನೆ ಜಗಳ ಮಾಡ್ತಿದ್ದೆ ಮಾರಾಯ" ಎಂದರು.