ಜ್ವಾಲಾಮುಖಿಗೆ ಎರಡೇ ದಿನ

ಧರ್ಮೇಂದ್ರ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣ, ಅವರ ದೊಡ್ಡಪ್ಪ ಚಲುವಯ್ಯನವರು ಸಾಯಲು ಆರಿಸಿಕೊಂಡ ಮುಹೂರ್ತ. ಅರಕೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಸೀಮೆಸುಣ್ಣದ ಜ್ವಾಲಾಮುಖಿ ಬರೆದು ಅಳಿಸಿದ ಮೇಷ್ಟ್ರು, ನಿಜವಾದದ್ದನ್ನು ನೋಡಲು ಕೊನೆಗೂ ಮಧ್ಯ ಅಮೆರಿಕದ ಕೋಸ್ಟರೀಕಾ ದೇಶದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದರು. ಸುತ್ತ ಮಳೆಕಾಡು, ನಡುವೆ ಹೊಗೆಯಾಡುವ ಬೆಟ್ಟ. ವಿಮಾನ ನಾಡಿದ್ದು. ಈಗ ದೊಡ್ಡಪ್ಪ ಹೋದರೆ ಹನ್ನೊಂದು ದಿನ ಸೂತಕ, ಪ್ರಯಾಣ ಕೂಡದು. ಟಿಕೆಟ್ಟೋ, ತಾರೀಖು ಬದಲಿಸಲಾಗದ್ದು.

ಬೆಳಿಗ್ಗೆ ಅವರು ಪೆಟ್ಟಿಗೆ ತುಂಬುತ್ತಿದ್ದಾಗ ಪಕ್ಕದ ಮನೆಯ ಜಯಲಕ್ಷ್ಮಮ್ಮ ಬಂದರು.

“ಮೇಷ್ಟ್ರೇ, ಆ ಬೆಂಕಿ ಬೆಟ್ಟ ಎಲ್ಲೂ ಓಗಕಿಲ್ಲ. ನಿಮ್ಮ ದೊಡ್ಡಪ್ಪ ಓಯ್ತಾವ್ರೆ. ನೋಡ್ಕಂಡ್ ಬಂದ್ಬುಡಿ.”

ಮೇಷ್ಟ್ರು ಓಡಿದರು. ದೊಡ್ಡಪ್ಪನನ್ನು ಆಗಲೇ ಮಂಚದಿಂದ ಇಳಿಸಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹಿರಿಮಗ ಹೊನ್ನಪ್ಪ ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಅಳೆಯುತ್ತಿದ್ದ. ಬಾಯಿಗೆ ಕೊನೆಯ ಹಾಲು ಬಿಡಲು ನೆಂಟರು ಚಮಚ ಹಿಡಿದು, ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲು ನಿಂತಿದ್ದರು.

“ಊಟ ಯಾವಾಗ ಕೊಟ್ರಿ ಅಣ್ಣ?”

“ಎರಡು ದಿವ್ಸ ಆಯ್ತು ಕಣ್ಲಾ. ಓಗೋ ಜೀವಕ್ಕೆ ಯಾಕ್ ತೊಂದ್ರೆ ಕೊಡಾದು ಅಂತ ನೀರೂ ಬುಟ್ಟಿಲ್ಲ” ಎಂದ ಹೊನ್ನಪ್ಪ, ಪುಣ್ಯದ ಕೆಲಸ ಮಾಡಿದವನಂತೆ.

ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ಆ ಉರಿಯಲ್ಲಿ ದೊಡ್ಡಪ್ಪನ ಪಾಲೆಷ್ಟು, ಟಿಕೆಟ್ಟಿನ ಪಾಲೆಷ್ಟು ಎಂದು ನಾವು ಕೇಳಬಾರದು. ಚಮಚಗಳನ್ನು ತಳ್ಳಿ, ಮುದುಕರನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೊರಟರು. ನೆಂಟರು ಬಿಟ್ಟಾರೆಯೇ? ಹಾಲಿನ ಚೊಂಬಿನ ಸಮೇತ ಟೆಂಪೋದಲ್ಲಿ ಹಿಂದೆಯೇ ಬಂದರು.

ಮಧ್ಯಾಹ್ನವೆಲ್ಲ ಮೇಷ್ಟ್ರು ಡ್ರಿಪ್ ಬಾಟಲಿ ಕಾದರು, ಕಾಲು ಒತ್ತಿದರು, ಬಟ್ಟೆಯಲ್ಲೇ ಆದದ್ದನ್ನು ತೊಳೆದರು. ಇನ್ನೆರಡು ದಿನ ಉಸಿರಾಡಪ್ಪಾ ಸಾಕು ಎಂದು ಬೇಡಿಕೊಂಡರು. ಮೂರನೆಯ ಬಾಟಲಿಗೆ ದೊಡ್ಡಪ್ಪ ಕಣ್ಣು ಬಿಟ್ಟು “ಮುದ್ದೆ” ಎಂದರು.

“ನೀರಿಲ್ದೆ ಸೊರಗಿದ್ರು, ಅಷ್ಟೇ. ಗಟ್ಟಿ ಜೀವ. ಐದಾರು ವರ್ಷಕ್ಕೆ ಮೋಸವಿಲ್ಲ” ಎಂದರು ಡಾಕ್ಟರು. ಮೇಷ್ಟ್ರು ಅತ್ತೇಬಿಟ್ಟರು.

ದೊಡ್ಡಪ್ಪ ಎದ್ದು ಕೂತು, ಬಾಗಿಲಲ್ಲಿ ನಿಂತ ಮೂವರು ಗಂಡುಮಕ್ಕಳನ್ನು ದುರುಗುಟ್ಟಿ ನೋಡಿದರು. “ಕಣ್ಣು ಮುಚ್ಚಿದ್ದೆ ಕಣ್ರಲಾ, ಕಿವಿ ಮುಚ್ಚಿರ್ನಿಲ್ಲ.” ಆಮೇಲೆ ಮೇಷ್ಟ್ರ ಕೈ ಎಳೆದು ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡರು. “ಇನ್ಮ್ಯಾಕೆ ನೀನೇ ನನ್ ಮಗ. ಉಣ್ಣಾದೂ ನಿನ್ ಕೈಲೇ, ಮಣ್ಣಾಗಾದೂ ನಿನ್ ಕೈಲೇ. ಅಲ್ಲೀಗಂಟ ಊರು ಬುಟ್ಟು ಓಗಕಿಲ್ಲ ಅಂತ ಆಣೆ ಮಾಡ್ಲಾ. ಇಲ್ದಿದ್ರೆ ಈ ಸೂಜಿ ಈಗ್ಲೇ ಕಿತ್ತಾಕ್ತೀನಿ.”

ಕಿತ್ತರೆ ಸೂತಕ, ಬಿಟ್ಟರೆ ಆಣೆ. ಮೇಷ್ಟ್ರು ಆಣೆ ಮಾಡಿದರು. ನೆಂಟರೆಲ್ಲ ಕಣ್ಣೊರೆಸಿಕೊಂಡರು.

ಹೊನ್ನಪ್ಪ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. “ಒಳ್ಳೇದಾಯ್ತು ಕಣ್ ತಮ್ಮಾ. ಅಪ್ಪನ್ನ ಬುಟ್ಟು ನಾವು ಎಲ್ಲೂ ಓಗಕೇ ಆಗಿರ್ನಿಲ್ಲ. ನಾಳೀಕೇ ಮೂರು ಜನವೂ ಕಾಶಿಗೆ ಓಗ್ಬತ್ತೀವಿ.”

ಮೇಷ್ಟ್ರು ಕ್ಯಾಂಟೀನಿನಿಂದ ತರಿಸಿದ ಮುದ್ದೆ ಮುರಿದು ಸಾರಿಗೆ ಅದ್ದಿದರು. ದೊಡ್ಡಪ್ಪ ಎರಡನೆಯ ಮುದ್ದೆಗೆ ಬಾಯಿ ತೆರೆದಿದ್ದರು.