ಯಮನ ಮನೆಯಲ್ಲಿ ಒಂದು ಲೋಟ ಜ್ಯೂಸ್

ಪುರಾಣದ ಪಾಠ ಹೇಳೋರಿಗೆ ಒಂದು ಶಾಪ ಇದೆ ಕಣ್ರೀ, ಕ್ಲಾಸಿನಲ್ಲಿ ಹೇಳಿದ್ದು ಮನೆವರೆಗೂ ಹಿಂದೆ ಬರುತ್ತೆ. ನಾನು ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ದೇಶದೇಶದ ದೇವರ ಕಥೆಗಳನ್ನು ಹೋಲಿಸಿ ಪಾಠ ಮಾಡ್ತೀನಿ. ನನ್ನ ಪಾಡು ಕೇಳಲೇಬೇಡಿ.

೧. ಉಪವಾಸದ ಪಾಠ

ನಮ್ಮವರ ಹಾರ್ಟ್ ಆಪರೇಷನ್ನಿನ ಹಿಂದಿನ ದಿನವೇ ಸಾವಿನ ದೇವರ ಪಾಠ ಬರಬೇಕೇ? ಗ್ರೀಕರ ಕಥೆಯ ಹುಡುಗಿ ಪಾತಾಳದಲ್ಲಿ ಆರು ದಾಳಿಂಬೆ ಕಾಳು ತಿಂದಳು, ಅಲ್ಲಿನದನ್ನು ತಿಂದ ತಪ್ಪಿಗೆ ವರ್ಷದಲ್ಲಿ ಆರು ತಿಂಗಳು ಅಲ್ಲೇ ಇರಬೇಕಾಯಿತು. ನಮ್ಮ ಉಪನಿಷತ್ತಿನ ಹುಡುಗ ಯಮನ ಬಾಗಿಲಲ್ಲಿ ಉಪವಾಸ ಕೂತ, ವಾಪಸ್ ಬಂದ.

ಹೋಬೋಕನ್ನಿನ ಮನೆಗೆ ಬಂದು ನಮ್ಮವರಿಗೂ ಹೇಳಿದೆ. ಅವರು ದೋಸೆ ಮುರಿಯುತ್ತಾ, "ನಿನ್ನ ಯಮನಿಗಿಂತ ನನ್ನ ಡಾಕ್ಟರೇ ವಾಸಿ. ಏನೂ ತಿನ್ನದೇ ಬಾ ಅಂತ ಮುಂಚೆನೇ ಹೇಳಿದಾರೆ" ಅಂದರು.

೨. ಅಂಬಿಗ

ಆಸ್ಪತ್ರೆ ನದಿಯಾಚೆ, ಮ್ಯಾನ್‌ಹ್ಯಾಟನ್ನಿನಲ್ಲಿ. ಬೆಳಗ್ಗೆ ಫೆರಿ ಹತ್ತಲು ಹೋದರೆ ಹಡ್ಸನ್ ಮೇಲೆ ಮಂಜು ಕವಿದು ಆಚೆ ದಡವೇ ಇರಲಿಲ್ಲ. ಪ್ರಯಾಣಿಕರು ನಾವಿಬ್ಬರೇ. ಕಪ್ಪು ರೇನ್‌ಕೋಟಿನವನೊಬ್ಬ ಮಾತಿಲ್ಲದೆ ಟಿಕೆಟ್ಟಿಗೆ ಕೈ ಚಾಚಿದ. ನಾನು ಬೇಡವೆಂದರೂ ಎರಡೂ ಬ್ಯಾಗ್ ಹಿಡಿದಿದ್ದ ನಮ್ಮವರು ಟಿಕೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದರು. ಗ್ರೀಕರು ಹೆಣದ ಬಾಯಲ್ಲಿ, ಪಾತಾಳದ ನದಿ ದಾಟಿಸೋ ಅಂಬಿಗನ ಕಾಸಿಟ್ಟು ಕಳಿಸುತ್ತಿದ್ದರು ಅನ್ನೋದು ನನ್ನ ಪಾಠದಲ್ಲೇ ಇದೆ.

ಆತ ಟಿಕೆಟ್ ಎಳೆದು ನೋಡಿ, "ಒನ್ ವೇ?" ಅಂದ. ವಾಪಸ್ ಬರೋದು ಮಗಳ ಕಾರಿನಲ್ಲಿ ಅಂತಿತ್ತು, ನಮ್ಮವರು ಹೂಂ ಅಂದರು. ಪಕ್ಕದ ಅಂಗಡಿಗೆ ಹೊರಟರೂ 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನೋ ಜನ ನಾವು! ಓಡಿಹೋಗಿ ರಿಟರ್ನ್ ಟಿಕೆಟ್ ತಂದು ಅವರ ಜೇಬಿಗೆ ತುರುಕಿದೆ.

"ನಿನ್ನದು?" ಅಂದರು.

ನನ್ನದು ಮರೆತೇ ಹೋಗಿತ್ತು.

೩. ಕೆಂಪು ಲೋಟ

ಆಪರೇಷನ್ ಮುಗಿಯಿತು. ಕಿಟಕಿಯಿಲ್ಲದ ಕೋಣೆ, ಯಂತ್ರಗಳದ್ದೇ ಉಸಿರಾಟ. ಬಿಳಿಚಿಕೊಂಡ ಆ ಮುಖ ನಮ್ಮವರದ್ದೇ ಅಲ್ಲ ಅನ್ನಿಸುತ್ತಿತ್ತು. ಸುಳ್ಳೇಕೆ, ತುಂಬಾ ಹೆದರಿದ್ದೆ. ಮೂವತ್ತು ವರ್ಷ ಜೊತೆಗಿದ್ದವರನ್ನು ಬಿಟ್ಟು ಆ ನದಿ ದಾಟಿ ಒಬ್ಬಳೇ ಮನೆಗೆ ಹೇಗೆ ಹೋಗಲಿ?

ಕೊನೆಗೂ ಅವರು ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ನರ್ಸ್ ಬಂದು ಅವರ ತುಟಿಗೆ ಒಂದು ಲೋಟ ಹಿಡಿದಳು. ಒಳಗಿದ್ದದ್ದು ಕೆಂಪಗೆ, ಥೇಟ್ ದಾಳಿಂಬೆ ರಸ. ನನಗೇನಾಯಿತೋ, ಲೋಟ ಕಿತ್ತುಕೊಂಡು ಗಟಗಟ ಕುಡಿದುಬಿಟ್ಟೆ.

"ಮ್ಯಾಮ್, ದಟ್ ವಾಸ್ ಹಿಸ್ ಕ್ರ್ಯಾನ್‌ಬೆರಿ ಜ್ಯೂಸ್," ಅಂದಳು ನರ್ಸ್.

ನಮ್ಮವರು ನನ್ನನ್ನೇ ನೋಡಿದರು. ಆಮೇಲೆ ಕ್ಷೀಣ ದನಿಯಲ್ಲಿ, "ಸರಿ ಬಿಡು, ಕುಡಿದಿದ್ದು ನೀನು, ರಿಟರ್ನ್ ಟಿಕೆಟ್ ಇರೋದು ನನ್ನ ಹತ್ರ. ಆರು ತಿಂಗಳು ನೀನಿಲ್ಲೇ ಇರು ಕಣೇ, ನಾನು ಹೋಗಿ ಬರ್ತೀನಿ" ಅಂದರು.