ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ

ಅಂಚೆಚೀಟಿ ಕೂಡಿಸುವವನಿಗೆ ತಾನೊಬ್ಬನೇ ಹಾಳಾದರೆ ಸಾಲದು, ಜೊತೆಗೆ ನಾಲ್ಕು ಮಂದಿ ಬೇಕು. ಆಳಂದದ ನಮ್ಮ ಶಾಲೆಯಲ್ಲಿ ನಾನು ಶನಿವಾರದ ಸಂಘ ಶುರು ಮಾಡಿದ್ದು ಆ ಚಪಲಕ್ಕೇ. ಮೊದಲ ವಾರ ಶೇಂಗಾ ಚಿಕ್ಕಿ ಹಂಚಿದೆ, ಇಪ್ಪತ್ತು ಮಕ್ಕಳು ಬಂದರು. ಎರಡನೆಯ ವಾರ ಚಿಕ್ಕಿ ಇರಲಿಲ್ಲ. ಎಂಟನೆಯ ತರಗತಿಯ ಗಿರಿಜಾ ಒಬ್ಬಳೇ ಬಂದಳು. ಅವಳಿಗೆ ನನ್ನ ಮೊದಲ ಅಂಚೆಚೀಟಿಯ ಕಥೆ ಹೇಳಿದೆ. ಅದನ್ನು ಅಪ್ಪ ಕೊಟ್ಟರೆಂದು ಹೇಳುವುದು ನನ್ನ ರೂಢಿ. ಕೆಲವು ಸಲ ಸೋದರಮಾವನೂ ಕೊಟ್ಟಿದ್ದಾನೆ. ನಿಜಕ್ಕೂ ಯಾರ ಲಕೋಟೆಯಿಂದ ಕಿತ್ತೆನೋ ನೆನಪಿಲ್ಲ. ಆಮೇಲೆ ವಿಧಾನ ಕಲಿಸಿದೆ: ಹರಿಯಬಾರದು, ಕತ್ತರಿಸಬಾರದು, ಲಕೋಟೆಯನ್ನು ಇದ್ದಂತೆಯೇ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಡಬೇಕು.

"ಒಳಗ ಕಾಗದ ಇದ್ರರಿ ಸರ್?"

"ಇರಲೇಳು, ಏನೂ ಆಗಂಗಿಲ್ಲ," ಎಂದೆ. ನಾನು ಹೇಳಿದ್ದು ಅಂಚೆಚೀಟಿಯ ಬಗ್ಗೆ. ಮೂವತ್ತು ವರ್ಷ ಸಂಗ್ರಹಿಸಿದವನಿಗೆ ಲಕೋಟೆಯೆಂದರೆ ಚೀಟಿಯ ಹಿಂದೆ ಅಂಟಿಕೊಂಡಿರುವ ರದ್ದಿ, ಅಷ್ಟೆ.

ಸೋಮವಾರ ಗಿರಿಜಾ ತನ್ನ ಆಯಿಯೊಡನೆ, ಅಂದರೆ ಅಜ್ಜಿಯೊಡನೆ, ಬಂದಳು. ಮುದುಕಿಯ ಸೆರಗಿನಲ್ಲಿ ಆರು ಲಕೋಟೆಗಳ ನೀಲಿ ಮುದ್ದೆ. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ ಅವಳ ಮಗನ ಪತ್ರಗಳು. ಅವನದೆಂದು ಮನೆಯಲ್ಲಿ ಉಳಿದಿದ್ದು ಅಷ್ಟೇ.

"ನೀವು ಹೇಳ್ದಂಗೇ ಮಾಡೀನ್ರಿ ಸರ್. ಒಂದೂ ಹರೀಲಿಲ್ರಿ," ಎಂದಳು ಹುಡುಗಿ.

"ನನಗ ಓದಾಕ ಬರಂಗಿಲ್ರಿ ಮಾಸ್ತರ್ರ," ಎಂದಳು ಆಯಿ. "ಇಕಿ ಓದ್ತಿದ್ಳು, ನಾ ಕೇಳ್ತಿದ್ದೆ. ನೀವು ಶಾಣ್ಯಾ ಮಂದಿ, ಏನರ ಉಳದದೇನು ನೋಡ್ರಿ."

ಚೀಟಿಯ ಅಂಚಿನ ಹಲ್ಲು ಎಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯಿಂದ ಅಂದು ಮೊದಲ ಬಾರಿಗೆ ಪತ್ರ ಓದಿದೆ. ಸಿಕ್ಕಿದ್ದು ಒಂದೇ ಸಾಲು: 'ಚಪ್ಪಲಿ ಅಳತಿ ಕಳಸು.'

"ನಾ ದಾರದಾಗ ಕಾಲಿನ ಅಳತಿ ಮಾಡಿ ಕಳಿಸಿದ್ನೆಲ್ರಿ," ಎಂದಳು ಮುದುಕಿ. "ಅದು ಮುಟ್ಟೂದ್ರಾಗ ಅಂವ ಹ್ವಾದ."

ಗಿರಿಜಾ ಅಳುತ್ತ ನೋಟ್‌ಬುಕ್ ಬಿಚ್ಚಿದಳು. ಆರೂ ಚೀಟಿಗಳು ಒಂದು ಹಲ್ಲೂ ಮುಕ್ಕಾಗದೆ ಒಣಗಿದ್ದವು. ಅಷ್ಟು ಅಚ್ಚುಕಟ್ಟಾಗಿ ನಾನೇ ಎಂದೂ ಬಿಡಿಸಿದವನಲ್ಲ. ಅವುಗಳಲ್ಲೊಂದು ನನ್ನ ಬಳಿ ಇರಲಿಲ್ಲ. ನನ್ನ ಕಣ್ಣು ಅಲ್ಲೇ ನಿಂತದ್ದು ಮುದುಕಿಗೆ ಕಂಡಿತು.

"ಇಟ್ಕೋರಿ. ನಿಮಗ ಬೇಕಾಗಿದ್ದು ಇದೇ ಅಲ್ರಿ? ನನ್ನ ಮಗ ಎಂಜಲ ಹಚ್ಚಿ ಅಂಟಿಸಿದ್ದ. ಅದೂ ತೊಳದು ಹೋಗ್ಯದ."

ಬೇಡವೆಂದು ಕೈಮುಗಿದೆ ಎಂದು ಬರೆದರೆ ಈ ಪ್ರಬಂಧ ಚೆನ್ನಾಗಿ ಮುಗಿಯುತ್ತದೆ. ಇನ್ನೆರಡು ಸಲ ಹಾಗೆಯೇ ಹೇಳಿದರೆ ನಾನೂ ನಂಬಿಯೇನು. ಆದರೆ ನನ್ನ ಆಲ್ಬಮ್ಮಿನ ನಾಲ್ಕನೆಯ ಪುಟದಲ್ಲಿ, ಎಡದಿಂದ ಮೂರನೆಯದಾಗಿ, ಅದು ಕೂತಿದೆ. ಮುಂದಿನ ವರ್ಷದ ಮಕ್ಕಳು ಕೇಳಿದರೆ, ಒಬ್ಬ ಆಯಿ ಪ್ರೀತಿಯಿಂದ ಕೊಟ್ಟಳು ಎನ್ನುತ್ತೇನೆ.